ಬಳೆಗಾರಗುಂಡಿನಿಂದ ಬ್ಯಾಟರಿ ಬೈಸಿಕಲ್ಲಿಗೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಹತ್ತಿದವರು ಎರಡು ನೆನಪುಗಳನ್ನು ಹೊತ್ತು ಇಳಿಯುತ್ತಾರೆ. ಒಂದು ಸ್ಥಳಪುರಾಣದ್ದು: ರಾವಣನಿಗೆ ಅಡ್ಡಗಟ್ಟಿದ ಜಟಾಯು ರೆಕ್ಕೆ ಕಡಿದು ಬಿದ್ದದ್ದು ಇಲ್ಲಿಯೇ ಎಂದು ಜನ ಹೇಳುತ್ತಾರೆ. ಇನ್ನೊಂದು ಚರಿತ್ರೆಯದು: ಇಲ್ಲಿಯೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಇರುವ ಅಶೋಕನ ಶಾಸನಗಳು. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಬರೆದವನು ಚಪಡನೆಂಬ ಲಿಪಿಕಾರ. ಬ್ರಾಹ್ಮಿಯಲ್ಲಿ ಬರೆದು ಮುಗಿಸಿ, ತನ್ನ ಕಸುಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೊರೆದ. ಮಾಡಿದ ಕೆಲಸಕ್ಕೆ ರುಜು ಹಾಕುವ ಹೆಮ್ಮೆ ಅಷ್ಟು ಹಳೆಯದು.

ಈ ಮಾತು ನೆನಪಾದದ್ದು ಒಂದು ಬೈಸಿಕಲ್ಲಿನಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಮನೆಯ ಮುಂದೆ ಬಂದು, ಪೆಡಲು ತುಳಿಯದೆಯೇ ಏರಿ ಹತ್ತಿ ನಿಂತ. ಬೈಸಿಕಲ್ಲು ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟದ್ದೇ. 2006-07ರಲ್ಲಿ ಆರಂಭವಾದ ಆ ಯೋಜನೆಯಿಂದ ನಮ್ಮ ಎಷ್ಟೋ ಮಕ್ಕಳು ಶಾಲೆ ಬಿಡದೆ ಉಳಿದರು. “ಇದೇನಪ್ಪಾ?” ಎಂದೆ. “ಅಪ್ಪನಿಗೆ ಸಾರ್. ಮಗ್ಗದ ಕೆಲಸಕ್ಕೆ ಮೊಳಕಾಲ್ಮೂರಿಗೆ ಹೋಗಬೇಕು, ಮಂಡಿ ನೋವು. ಬಸ್ಸು ತಪ್ಪಿದರೆ ಆ ದಿನದ ಕೂಲಿಯೂ ತಪ್ಪುತ್ತದೆ” ಎಂದ.

ಈ ವಾಹನ ಹೊಸತೆಂದು ನಾವು ತಿಳಿಯುತ್ತೇವೆ. ಆದರೆ ಇದರ ವಂಶಾವಳಿ ಉದ್ದವಾದದ್ದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮತ್ತೆ ಮತ್ತೆ ತುಂಬಬಲ್ಲ ಸೀಸದ ಬ್ಯಾಟರಿಯನ್ನು ನಿರ್ಮಿಸಿದ. 1881ರಲ್ಲಿ ಗುಸ್ತಾವ್ ತ್ರುವೆ ಪ್ಯಾರಿಸ್ಸಿನ ಬೀದಿಯಲ್ಲಿ ವಿದ್ಯುತ್ ತ್ರಿಚಕ್ರಿಯನ್ನು ಓಡಿಸಿದ. 1895ರ ಡಿಸೆಂಬರ್ 31ರಂದು ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ, ಹಿಂದಿನ ಚಕ್ರದ ಗುಂಬದಲ್ಲಿಯೇ ಮೋಟಾರನ್ನು ಅಡಗಿಸಿದ ಬೈಸಿಕಲ್ಲಿಗೆ ಪೇಟೆಂಟು ಪಡೆದ. ನಮ್ಮ ಹುಡುಗನ ಚಕ್ರದಲ್ಲಿರುವುದೂ ಅದೇ ಉಪಾಯ.

ಹಾಗಾದರೆ ನೂರು ವರ್ಷ ಅದು ಮೂಲೆ ಸೇರಿದ್ದೇಕೆ? ವಿದ್ಯುತ್ತಿನ ಕೊರತೆಯೊಂದೇ ಕಾರಣವಲ್ಲ. ಮೈಸೂರು ಸೀಮೆಯಲ್ಲಿ 1902ರಲ್ಲಿಯೇ ಶಿವನಸಮುದ್ರದ ಶಕ್ತಿ ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತ್ತು. ತೊಡಕಿದ್ದದ್ದು ಸೀಸದ ಭಾರದಲ್ಲಿ. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದಮೇಲೆ ಆ ಭಾರ ಇಳಿಯಿತು. ಅದರ ಮೂಲಪುರುಷರಾದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಡುವೆ, 2001ರಲ್ಲಿ, ಬೆಂಗಳೂರಿನಿಂದ ‘ರೇವಾ’ ಎಂಬ ವಿದ್ಯುತ್ ಕಾರು ರಸ್ತೆಗಿಳಿದಿತ್ತು.

ಜೋಡಣೆಯ ಸೂತ್ರ ಸರಳ. ಅಂಗಗಳು ನಾಲ್ಕು: ಮೋಟಾರು ಸೇರಿದ ಚಕ್ರ, ಬ್ಯಾಟರಿ, ಶಕ್ತಿಯನ್ನು ಅಳೆದು ಕೊಡುವ ಕಂಟ್ರೋಲರು, ಹಿಡಿಯಲ್ಲಿ ತಿರುಗಿಸುವ ಥ್ರಾಟಲ್. ಬ್ಯಾಟರಿ 36 ವೋಲ್ಟು, 10 ಆಂಪೇರ್-ಗಂಟೆಯದಾದರೆ ಅದರಲ್ಲಿ ಹಿಡಿಯುವುದು 360 ವಾಟ್-ಗಂಟೆ, ಅಂದರೆ ಅರ್ಧ ಯೂನಿಟ್ಟಿಗಿಂತ ಕಡಿಮೆ. ಕಿಲೋಮೀಟರಿಗೆ 12 ವಾಟ್-ಗಂಟೆ ಖರ್ಚಾದರೆ 30 ಕಿಲೋಮೀಟರು ಸಾಗಬಹುದು. ಆದರೆ ಮೋಟಾರು ಚಕ್ರವನ್ನು ಮುಂದಕ್ಕೆ ನೂಕುವಾಗ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ಅದಕ್ಕೆ ಅಡ್ಡವಾಗಿ ಉಕ್ಕಿನ ಪಟ್ಟಿಯೊಂದನ್ನು ಫೋರ್ಕಿಗೆ ಬಿಗಿಯದಿದ್ದರೆ ಅಚ್ಚು ಕಿತ್ತುಬಂದು ಸವಾರ ನೆಲ ಕಂಡಾನು.

ಕಾನೂನಿನ ಮಾತೂ ಉಂಟು. ಮೋಟಾರಿನ ಬಲ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ ಇದ್ದರೆ ಅಂಥದು ಮೋಟಾರು ವಾಹನವೆನಿಸದು. ಆದರೆ ಈ ಲಕ್ಷಣಗಳನ್ನು ಗೊತ್ತಾದ ಪರೀಕ್ಷಾಸಂಸ್ಥೆ ದೃಢಪಡಿಸಿರಬೇಕೆಂದೂ ನಿಯಮ ಹೇಳುತ್ತದೆ. ಮನೆಯಲ್ಲಿ ಜೋಡಿಸುವವರು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಹುಡುಗನ ಮೊದಲ ಪ್ರಯತ್ನ ಸುಖವಾಗಿ ಮುಗಿಯಲಿಲ್ಲ. ಅಗ್ಗವೆಂದು ಎಲ್ಲಿಂದಲೋ ತಂದ ಬ್ಯಾಟರಿಯಲ್ಲಿ ಕೋಶಗಳನ್ನು ಕಾಯುವ ಫಲಕವೇ ಇರಲಿಲ್ಲ. ತಗಡಿನ ಮಾಡಿನ ಕೆಳಗೆ, ನಡುಬೇಸಗೆಯಲ್ಲಿ, ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದರು. ಹೊಗೆಯ ವಾಸನೆಗೆ ತಾಯಿಗೆ ಎಚ್ಚರವಾಯಿತು. ಮನೆಮಂದಿ ಹೊರಗೆ ಓಡಿ ಉಳಿದರು. ಬಾಗಿಲ ಬಳಿಯ ಗೋಡೆಯ ಕರಿ ಇನ್ನೂ ಹೋಗಿಲ್ಲ. “ಅಮ್ಮ ಎಚ್ಚರಗೊಳ್ಳದಿದ್ದರೆ, ಸಾರ್...” ಎಂದು ಅವನು ಮಾತು ನಿಲ್ಲಿಸಿದ. ನಾನೂ ಮುಂದೆ ಕೇಳಲಿಲ್ಲ.

ಆಮೇಲೆ ಅವನು ಕಾವಲು ಫಲಕವಿರುವ, ಪ್ರಮಾಣೀಕೃತ ಬ್ಯಾಟರಿಯನ್ನೇ ತಂದ. ಅದಕ್ಕೊಪ್ಪುವ ಚಾರ್ಜರನ್ನಲ್ಲದೆ ಬೇರೆಯದನ್ನು ತಾಗಿಸುವುದಿಲ್ಲ. ಬಿಸಿಲಿನಿಂದ ಬಂದೊಡನೆ ಚಾರ್ಜಿಗೆ ಹಾಕುವುದಿಲ್ಲ. ತಣಿದ ಮೇಲೆ, ಎಚ್ಚರವಿದ್ದಾಗ, ಹೊರಬಾಗಿಲಿನ ದಾರಿಗೆ ಅಡ್ಡವಾಗದ ಕಡೆ ಹಾಕುತ್ತಾನೆ. ವಾರಕ್ಕೊಮ್ಮೆ ಅಚ್ಚಿನ ನಟ್ಟು, ಚಕ್ರದ ಕಡ್ಡಿ, ಬ್ರೇಕು, ತಂತಿಯ ಬೆಸುಗೆಗಳನ್ನು ನೋಡುತ್ತಾನೆ; ಚೈನಿಗೆ ಎಣ್ಣೆ ಹಾಕುತ್ತಾನೆ. ಮಳೆ ಬಂದರೆ ಕಂಟ್ರೋಲರಿಗೆ ನೀರು ತಾಗದಂತೆ ಹೊದಿಸುತ್ತಾನೆ. ಕೂಡಿಸುವುದು ಎರಡು ದಿನದ ಕೆಲಸ, ಕಾಪಾಡುವುದು ದಿನದಿನದ ಕೆಲಸ.

ಈ ಪಾಠವನ್ನು ಬೆಟ್ಟವೂ ಹೇಳುತ್ತದೆ. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರಗುಂಡು. ಪರಿಷೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಂತೆ. ಹತ್ತಿ ಇಳಿದ ಕಾಲುಗಳಿಗೆ ಅಕ್ಷರಗಳು ಸವೆದವು. ಯಾರೂ ಕೇಡು ಬಯಸಿದವರಲ್ಲ, ನೋಡಿಕೊಳ್ಳುವವರಿರಲಿಲ್ಲ, ಅಷ್ಟೆ. ಚಕ್ರವರ್ತಿಯ ಮಾತಿಗೇ ಈ ಗತಿಯಾದರೆ ಹುಡುಗನೊಬ್ಬನ ಬೈಸಿಕಲ್ಲಿನ ಪಾಡೇನು?

ಬೈಸಿಕಲ್ಲಿನ ಚೌಕಟ್ಟಿನ ಮೇಲೆ ಅವನು ತನ್ನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದುಕೊಂಡಿದ್ದಾನೆ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಕೊನೆಯ ಬಾರಿ ನಟ್ಟು ಬಿಗಿದ ತಾರೀಖು. ಅವನಪ್ಪ ಈಗ ಬಸ್ಸಿಗೆ ಕಾಯುವುದಿಲ್ಲ.