ಇಯಾದತ್ ಎಂದರೆ ಮರಳಿ ಬರುವುದು

ಅಪಘಾತದ ಸುದ್ದಿ ಕೇಳಿದರೆ ನಮ್ಮ ಜನ ಓಡಿ ಬರುತ್ತಾರೆ. ರಕ್ತ ಕೊಡುತ್ತಾರೆ, ಚಂದಾ ಎತ್ತುತ್ತಾರೆ, ಬುತ್ತಿ ಕಟ್ಟಿ ತರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಮನೆಯವರಷ್ಟೇ ಉಳಿದಿರುತ್ತಾರೆ. ರೋಗಿಯನ್ನು ಕಂಡು ಬರುವುದಕ್ಕೆ ಉರ್ದುವಿನಲ್ಲಿ ನಾವು ‘ಇಯಾದತ್’ ಎನ್ನುತ್ತೇವೆ. ಅದರ ಅರಬಿ ಧಾತುವಿಗೆ ‘ಮರಳಿ ಬರುವುದು’ ಎಂಬ ಅರ್ಥವಿದೆ. ರೂಢಿ ಎಂಬ ಅರ್ಥದ ‘ಆದತ್’ ಕೂಡ ಅದೇ ಧಾತುವಿನಿಂದ ಹುಟ್ಟಿದ್ದು. ಒಮ್ಮೆ ಹೋಗಿ ಮುಖ ತೋರಿಸಿದರೆ ಮುಗಿಯಿತು ಎಂದು ಈ ಶಬ್ದ ಹೇಳುವುದಿಲ್ಲ.

ಈ ಅರ್ಥವನ್ನು ಬಾಳಿ ತೋರಿಸಿದ ಚರಿತ್ರೆಯೊಂದು ವೆಲ್ಲೂರಿನಲ್ಲಿದೆ. ಕಾಟ್ಪಾಡಿಯಲ್ಲಿ ರೈಲಿಳಿದು ಚಿಕಿತ್ಸೆಗೆ ಹೋಗುವ ಕೋಲಾರ, ಬೆಂಗಳೂರು ಕಡೆಯವರಿಗೆ ಅದು ಅಪರಿಚಿತ ಊರಲ್ಲ.

1954ರ ಜನವರಿ 30ರಂದು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೆಲವು ಯುವ ವೈದ್ಯರು ವಿಹಾರಕ್ಕೆಂದು ಹೊರಟಿದ್ದ ವಾಹನ ದಾರಿಯಲ್ಲಿ ಮಗುಚಿತು. ಅದರಲ್ಲಿ ಕೊಚ್ಚಿಯ ಡಾ. ಮೇರಿ ವರ್ಗೀಸ್ ಇದ್ದರು. 1925ರಲ್ಲಿ ಹುಟ್ಟಿದ ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮುಖಕ್ಕೆ ಆಳವಾದ ಗಾಯ, ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಸ್ತ್ರೀರೋಗ ತಜ್ಞೆಯಾಗುವ ಅವರ ಆಸೆ ಅಲ್ಲಿಗೆ ನಿಂತಿತು.

ಅದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೆ ಇಂಥ ರೋಗಿಗಳು ಬದುಕುತ್ತಾರೆಂದು ವೈದ್ಯಲೋಕವೇ ನಂಬಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಮುಖ್ಯವಾಗಿ ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕು. ಹಗಲಿರುಳೆನ್ನದೆ ಆಗಾಗ ಮಗ್ಗುಲು ಬದಲಿಸುತ್ತಿದ್ದರೆ, ವ್ಯಾಯಾಮ ಮಾಡಿಸಿದರೆ, ಕೈಗೊಂದು ಕೆಲಸ ಕೊಟ್ಟರೆ ಅವರು ಬದುಕುತ್ತಾರೆಂದು 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್ಮನ್ ತೋರಿಸಿಕೊಟ್ಟರು. ಮಗ್ಗುಲು ಬದಲಿಸುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಅದಕ್ಕೆ ಸುತ್ತ ಜನ ಬೇಕು, ನಾಳೆಯೂ ಬರುವ ಜನ ಬೇಕು.

ವೆಲ್ಲೂರಿನಲ್ಲಿ ಆ ಜನ ಇದ್ದರು. ಅವರಲ್ಲೊಬ್ಬರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್. ಮಡಚಿಹೋದ ಬೆರಳುಗಳನ್ನು ಮತ್ತೆ ಬಿಚ್ಚಿಸುವ ಆ ಸೂಕ್ಷ್ಮ ಕೆಲಸವನ್ನು ಕುಳಿತೇ ಮಾಡಬಹುದು. ಆದ್ದರಿಂದ ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರವೈದ್ಯೆಯಾಗಬಹುದೆಂದು ಬ್ರಾಂಡ್ ಕಂಡುಕೊಂಡರು. ಸಾಂತ್ವನದ ಮಾತಿಗಿಂತ ಅವರು ಕೊಟ್ಟ ಈ ಕೆಲಸ ದೊಡ್ಡದು.

ಕೈ ಒಪ್ಪಿಸಿದವರು ಯಾರು ಎಂಬುದನ್ನೂ ಗಮನಿಸಬೇಕು. ಊರು ಹೊರಗಟ್ಟಿದ್ದ ಕುಷ್ಠರೋಗಿಗಳು ಅವರು. ಶಸ್ತ್ರಚಿಕಿತ್ಸೆಯಾದ ಮೇಲೂ ಅವರನ್ನು ಊರು ಸೇರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೆಂದೇ ಬ್ರಾಂಡ್ ‘ನವಜೀವ ನಿಲಯಂ’ ಕಟ್ಟಿ ಅವರಿಗೆ ಮರಗೆಲಸ ಕಲಿಸಿದ್ದರು. ಸಮಾಜ ಮುಟ್ಟಲು ಹೆದರಿದ ಕೈಗಳನ್ನು, ನಡೆಯಲಾರದ ವೈದ್ಯೆ ಸರಿಪಡಿಸಿದರು. ಇಲ್ಲಿ ಯಾರು ಯಾರಿಗೆ ಆಸರೆಯಾದರು ಎಂದು ಹೇಳುವುದು ಸುಲಭವಲ್ಲ.

ಮುಂದೆ ಮೇರಿಯವರು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ವತಃ ಪುನಶ್ಚೇತನ ಚಿಕಿತ್ಸೆ ಪಡೆದರು, ನ್ಯೂಯಾರ್ಕಿನಲ್ಲಿ ಅದೇ ಶಾಸ್ತ್ರವನ್ನು ಕಲಿತರು. ವಿದೇಶದಲ್ಲಿಯೇ ಉಳಿಯಲಿಲ್ಲ. 1960ರ ದಶಕದ ಆರಂಭದಲ್ಲಿ ವೆಲ್ಲೂರಿಗೆ ಮರಳಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಪುನಶ್ಚೇತನ ಸಂಸ್ಥೆ ಆರಂಭವಾಯಿತು. 1972ರಲ್ಲಿ ಸರಕಾರ ಪದ್ಮಶ್ರೀ ನೀಡಿತು. 1986ರಲ್ಲಿ ಅವರು ತೀರಿಕೊಂಡರು. ಇಂದು ಆ ಸಂಸ್ಥೆಗೆ ಅವರದೇ ಹೆಸರಿದೆ.

ಆ ಸಂಸ್ಥೆಯ ಎರಡು ರೂಢಿಗಳು ನಮಗೆ ಪಾಠವಾಗಬೇಕು. ರೋಗಿಯ ಜೊತೆ ಮನೆಯವರಿಗೂ ಅಲ್ಲಿ ಆರೈಕೆಯ ತರಬೇತಿ ಸಿಗುತ್ತದೆ, ಏಕೆಂದರೆ ನಿಜವಾದ ಪರೀಕ್ಷೆ ಇರುವುದು ಮನೆಗೆ ಹೋದ ಮೇಲೆ. ಇನ್ನೊಂದು, ಗುಣವಾಗಿ ಹೋದವರು ಮತ್ತೆ ಬಂದು ಸೇರುವ ‘ರಿಹ್ಯಾಬ್ ಮೇಳ’. ಹಳಬರು ತಮ್ಮ ಕುರ್ಚಿಗಳಲ್ಲಿ ಆಡುತ್ತಾರೆ, ನಗುತ್ತಾರೆ. ಹಾಸಿಗೆ ಹಿಡಿದ ಹೊಸಬನಿಗೆ ಯಾವ ಉಪದೇಶವೂ ಕೊಡಲಾರದ ಧೈರ್ಯ ಅದನ್ನು ನೋಡಿದಾಗ ಬರುತ್ತದೆ.

ಇದೆಲ್ಲ ದೊಡ್ಡ ಆಸ್ಪತ್ರೆಗೆ ಮಾತ್ರ ಸಾಧ್ಯ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರಕಾರಿ ಉದ್ಯೋಗದಲ್ಲಿ ಶೇ. 4ರ ಮೀಸಲಾತಿ ಕೊಟ್ಟಿದೆ, ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕು ಎಂದಿದೆ. ಆದರೆ ನಮ್ಮ ಮೊಹಲ್ಲಾದ ಮಸೀದಿಗೆ, ಶಾದಿಮಹಲ್‌ಗೆ, ಶಾಲೆಗೆ ಎಷ್ಟು ಮೆಟ್ಟಿಲುಗಳಿವೆ ಎಂದು ಎಣಿಸಬೇಕಾದವರು ನಾವೇ. ಕಾಲು ಕಳೆದುಕೊಂಡ ದರ್ಜಿಗೆ ಚಂದಾ ಎತ್ತಿದ ಮೇಲೆ, ಅವನ ಬಳಿ ಬಟ್ಟೆ ಹೊಲಿಯಲು ಕೊಡುವುದನ್ನು ಮುಂದುವರಿಸಿದೆವೇ ಎಂದು ಕೇಳಿಕೊಳ್ಳಬೇಕಾದವರೂ ನಾವೇ. ಮೊದಲ ದಿನ ಆಸ್ಪತ್ರೆಗೆ ಓಡುವುದು ನಮಗೆ ಗೊತ್ತಿದೆ. ನೂರನೆಯ ದಿನ ಆ ಮನೆಯ ಬಾಗಿಲು ತಟ್ಟುವುದನ್ನು ಇನ್ನು ರೂಢಿಸಿಕೊಳ್ಳಬೇಕಾಗಿದೆ.