ಮೆಲ್ಬರ್ನ್‌ಗೆ ಮಕ್ಕಳೊಂದಿಗೆ ವಲಸೆ: ಬಡಾವಣೆ, ಶಾಲೆಗಳ ಆಯ್ಕೆ ಹೇಗೆ?

ಉದ್ಯೋಗ ನಿಮಿತ್ತ ಆಸ್ಟ್ರೇಲಿಯಾಕ್ಕೆ ತೆರಳುವ ಕುಟುಂಬಗಳಲ್ಲಿ ವೀಸಾ ಕೈಸೇರಿದ ಮರುದಿನದಿಂದಲೇ ಆರಂಭವಾಗುವ ಚರ್ಚೆ ಒಂದೇ: ಮನೆ ಎಲ್ಲಿ, ಮಗುವಿಗೆ ಶಾಲೆ ಯಾವುದು? ಬೆಂಗಳೂರಿನಲ್ಲಿ ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಬನಶಂಕರಿಯಲ್ಲಿ ಮನೆಯಿದ್ದು, ಮಗು ಶಾಲಾ ವಾಹನದಲ್ಲಿ ಹತ್ತು ಕಿಲೋಮೀಟರ್ ದೂರದ ಶಾಲೆಗೆ ಹೋಗುವುದು ಇಲ್ಲಿ ಸಾಮಾನ್ಯ. ವಿಕ್ಟೋರಿಯಾ ರಾಜ್ಯದ ರಾಜಧಾನಿ ಮೆಲ್ಬರ್ನ್‌ನಲ್ಲಿ ಹಾಗಲ್ಲ. ಅಲ್ಲಿ ಸರ್ಕಾರಿ ಶಾಲೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಮನೆಯ ವಿಳಾಸವೇ.

2021ರ ಆಸ್ಟ್ರೇಲಿಯಾ ಜನಗಣತಿಯ ಪ್ರಕಾರ ಆ ದೇಶದಲ್ಲಿರುವ ಭಾರತ ಸಂಜಾತರ ಸಂಖ್ಯೆ 6.73 ಲಕ್ಷ. ಹೊರದೇಶಗಳಲ್ಲಿ ಹುಟ್ಟಿದವರ ಪೈಕಿ ಆ ಗಣತಿಯಲ್ಲಿ ಇಂಗ್ಲೆಂಡ್ ಸಂಜಾತರ ನಂತರದ ಸ್ಥಾನ ಭಾರತೀಯರದಾಗಿತ್ತು. ಇವರಲ್ಲಿ ಬಹಳಷ್ಟು ಮಂದಿ ನೆಲೆಸಿರುವ ನಗರ ಮೆಲ್ಬರ್ನ್.

ವ್ಯಾಪ್ತಿಯ ನಿಯಮ

ಪ್ರತಿ ಸರ್ಕಾರಿ ಶಾಲೆಗೂ ‘ಝೋನ್’ ಎಂದು ಕರೆಯಲಾಗುವ ನಿಗದಿತ ವ್ಯಾಪ್ತಿ ಇರುತ್ತದೆ. ಆ ವ್ಯಾಪ್ತಿಯೊಳಗೆ ಖಾಯಂ ವಾಸವಿರುವ ಮಗುವಿಗೆ ಪ್ರವೇಶ ಪಡೆಯುವ ಹಕ್ಕಿದೆ. ಹೊರಗಿನವರಿಗೆ ಜಾಗ ಉಳಿದಿದ್ದರೆ ಮಾತ್ರ ಅವಕಾಶ. ಅವರಲ್ಲಿಯೂ ಒಂದೇ ಮನೆಯಲ್ಲಿ ವಾಸಿಸುವ ಅಣ್ಣ ಅಥವಾ ಅಕ್ಕ ಈಗಾಗಲೇ ಅದೇ ಶಾಲೆಯಲ್ಲಿ ಓದುತ್ತಿದ್ದರೆ ಆದ್ಯತೆ ದೊರೆಯುತ್ತದೆ. ಯಾವ ವಿಳಾಸ ಯಾವ ಶಾಲೆಗೆ ಸೇರುತ್ತದೆ ಎಂಬುದನ್ನು ರಾಜ್ಯ ಸರ್ಕಾರದ ‘ಫೈಂಡ್ ಮೈ ಸ್ಕೂಲ್’ ತಾಣದಲ್ಲಿ ನೋಡಬಹುದು. ಒಂದೇ ರಸ್ತೆಯ ಎರಡು ಬದಿಯ ಮನೆಗಳು ಎರಡು ಶಾಲೆಗಳಿಗೆ ಸೇರಿರುವುದೂ ಉಂಟು. ಆದುದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಮನೆಯ ಸಂಖ್ಯೆಯನ್ನೇ ನಮೂದಿಸಿ ಪರಿಶೀಲಿಸುವುದು ಅಗತ್ಯ. ಹೊಸ ಶಾಲೆ ಆರಂಭವಾದಾಗ ಸುತ್ತಲಿನ ಗಡಿಗಳು ಬದಲಾಗುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ಕ್ಯಾಥೊಲಿಕ್ ಮತ್ತು ಇತರ ಖಾಸಗಿ ಶಾಲೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ದೇಶದ ವಿದ್ಯಾರ್ಥಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಇಂತಹ ಶಾಲೆಗಳಲ್ಲಿದ್ದಾರೆ. ಆದರೆ ಅಲ್ಲಿ ಶುಲ್ಕ ಭರಿಸಬೇಕು. ಬೇಡಿಕೆಯ ಶಾಲೆಗಳಲ್ಲಿ ವರ್ಷಗಳ ಮುಂಚೆಯೇ ಹೆಸರು ನೋಂದಾಯಿಸಬೇಕಾಗುತ್ತದೆ.

ವಯಸ್ಸು ಮತ್ತು ವರ್ಷ

ಅಲ್ಲಿನ ಶೈಕ್ಷಣಿಕ ವರ್ಷ ಜನವರಿ ಕೊನೆಯಲ್ಲಿ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ನಾಲ್ಕು ಅವಧಿಗಳಿರುತ್ತವೆ. ಮೊದಲ ತರಗತಿಯ ಹೆಸರು ‘ಪ್ರೆಪ್’. ಅದಕ್ಕೆ ಸೇರುವ ಮಗುವಿಗೆ ಆ ವರ್ಷದ ಏಪ್ರಿಲ್ 30ರೊಳಗೆ 5 ವರ್ಷ ತುಂಬಬೇಕು. ಉದಾಹರಣೆಗೆ, 2022ರ ಮಾರ್ಚ್‌ನಲ್ಲಿ ಹುಟ್ಟಿದ ಮಗು 2027ರಲ್ಲಿ ಪ್ರೆಪ್‌ಗೆ ಅರ್ಹ. ಅದೇ ವರ್ಷದ ಮೇ ತಿಂಗಳಲ್ಲಿ ಹುಟ್ಟಿದ ಮಗು 2028ರವರೆಗೆ ಕಾಯಬೇಕು. ಮುಂದಿನ ವರ್ಷದ ಪ್ರೆಪ್‌ಗೆ ಜುಲೈ ಅಂತ್ಯದೊಳಗೆ ಅರ್ಜಿ ಸಲ್ಲಿಸುವುದು ವಾಡಿಕೆ. ತಡವಾಗಿ ಬಂದರೂ ವ್ಯಾಪ್ತಿಯೊಳಗಿನ ಮಗುವಿನ ಹಕ್ಕು ಹೋಗುವುದಿಲ್ಲ.

ಮಾರ್ಚ್‌ನಲ್ಲಿ ಇಲ್ಲಿನ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ತೆರಳುವ ಮಗು ಅಲ್ಲಿ ವರ್ಷದ ನಡುವೆ ತರಗತಿ ಸೇರುತ್ತದೆ. ತರಗತಿ ನಿಗದಿಯಾಗುವುದು ಮುಖ್ಯವಾಗಿ ವಯಸ್ಸಿನ ಆಧಾರದ ಮೇಲೆ, ಅಂಕಪಟ್ಟಿಯ ಮೇಲಲ್ಲ. ‘ಒಂದು ತರಗತಿ ಹಿಂದೆ ಬಿತ್ತು’ ಎಂದು ಪಾಲಕರು ಕಳವಳಪಡಬೇಕಾಗಿಲ್ಲ. ಪ್ರಾಥಮಿಕ ಶಿಕ್ಷಣ ಪ್ರೆಪ್‌ನಿಂದ 6ನೇ ತರಗತಿಯವರೆಗೆ, ಪ್ರೌಢ ಶಿಕ್ಷಣ 7ರಿಂದ 12ರವರೆಗೆ.

ಅಂಕಗಳ ಮೋಹ

3, 5, 7 ಮತ್ತು 9ನೇ ತರಗತಿಗಳಿಗೆ ‘ನಾಪ್ಲಾನ್’ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ನಡೆಯುತ್ತದೆ. ಶಾಲಾವಾರು ಫಲಿತಾಂಶ 2010ರಲ್ಲಿ ಆರಂಭವಾದ ‘ಮೈ ಸ್ಕೂಲ್’ ತಾಣದಲ್ಲಿ ಲಭ್ಯ. ಅದೇ ತಾಣದಲ್ಲಿ ‘ಇಕ್ಸಿಯಾ’ ಎಂಬ ಸೂಚ್ಯಂಕವೂ ಇದೆ. ಇದರ ಸರಾಸರಿ 1000. ಇದು ಶಾಲೆಯ ಗುಣಮಟ್ಟದ ಅಳತೆಯಲ್ಲ, ಮಕ್ಕಳ ಕೌಟುಂಬಿಕ ಹಿನ್ನೆಲೆಯ ಅಳತೆ. ತಂದೆತಾಯಿಯ ವಿದ್ಯೆ, ಉದ್ಯೋಗಗಳು ಇದರಲ್ಲಿ ಸೇರಿವೆ. ಸೂಚ್ಯಂಕ ಹೆಚ್ಚಿರುವ ಶಾಲೆಗೆ ಉತ್ತಮ ಅಂಕ ಬರುವುದು ಸಹಜ. ಸಮಾನ ಹಿನ್ನೆಲೆಯ ಶಾಲೆಗಳೊಂದಿಗೆ ಹೋಲಿಸಿದಾಗಲೇ ಬೋಧನೆಯ ನಿಜವಾದ ಬೆಲೆ ತಿಳಿಯುತ್ತದೆ.

ಈ ಮೋಹದ ಪರಿಣಾಮ ಬಾಡಿಗೆಯ ಮೇಲೆ ಕಾಣುತ್ತದೆ. ನಗರಕೇಂದ್ರದಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್ ದೂರದ ಗ್ಲೆನ್ ವೇವರ್ಲಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಯಿಂದಾಗಿಯೇ ದುಬಾರಿ. ಆದರೆ ಐದು ವರ್ಷದ ಮಗುವಿಗೆ ಆ ಪ್ರೌಢಶಾಲೆ ಬೇಕಾಗುವುದು ಏಳು ವರ್ಷಗಳ ಅನಂತರ. 7ನೇ ತರಗತಿಯ ಪ್ರವೇಶವನ್ನು ಆಗಿನ ವಿಳಾಸದ ಮೇಲೆ ಹೊಸದಾಗಿ ನಿರ್ಧರಿಸಲಾಗುತ್ತದೆ. ಅಷ್ಟೂ ವರ್ಷ ಹೆಚ್ಚಿನ ಬಾಡಿಗೆ ತೆರುವುದು ಜಾಣತನವೇ ಎಂದು ಕುಟುಂಬಗಳು ಯೋಚಿಸಬೇಕು. ಮೆಲ್ಬರ್ನ್ ಹೈಸ್ಕೂಲ್, ಮ್ಯಾಕ್‌ರಾಬರ್ಟ್‌ಸನ್, ನೋಸಲ್, ಸುಝಾನ್ ಕೋರಿ ಎಂಬ ನಾಲ್ಕು ಆಯ್ದ ಸರ್ಕಾರಿ ಶಾಲೆಗಳಿಗೆ ಪ್ರವೇಶ 9ನೇ ತರಗತಿಯಲ್ಲಿ, ಪರೀಕ್ಷೆಯ ಮೂಲಕ. ಅದಕ್ಕೆ ಬಡಾವಣೆಯ ಹಂಗಿಲ್ಲ.

ಬಡಾವಣೆಗಳು

ಪಶ್ಚಿಮದ ಟಾರ್ನೀಟ್, ಟ್ರುಗನಿನಾ, ಪಾಯಿಂಟ್ ಕುಕ್, ಉತ್ತರದ ಕ್ರೇಗಿಬರ್ನ್, ಆಗ್ನೇಯದ ಕ್ರಾನ್‌ಬರ್ನ್ ಮತ್ತು ಕ್ಲೈಡ್‌ಗಳಲ್ಲಿ ಮನೆಗಳು ಹೊಸವು, ದೊಡ್ಡವು, ಬಾಡಿಗೆಯೂ ಹಗುರ. ಭಾರತೀಯ ಅಂಗಡಿಗಳು ಹತ್ತಿರ. ಆದರೆ ನಗರಕೇಂದ್ರದ ಕಚೇರಿಗೆ ಹೋಗುವವರು ಪ್ರಯಾಣವನ್ನು ಲೆಕ್ಕ ಹಾಕಬೇಕು. ಟಾರ್ನೀಟ್ ರೈಲು ನಿಲ್ದಾಣ ಆರಂಭವಾದದ್ದು 2015ರಲ್ಲಿ. ಪಾಯಿಂಟ್ ಕುಕ್‌ಗೆ ಸ್ವಂತ ನಿಲ್ದಾಣವಿಲ್ಲ; ನಿವಾಸಿಗಳು ಪಕ್ಕದ ವಿಲಿಯಮ್ಸ್ ಲ್ಯಾಂಡಿಂಗ್ ನಿಲ್ದಾಣವನ್ನು ಅವಲಂಬಿಸಿದ್ದಾರೆ.

ಶಾಲೆ ಬಿಡುವುದು ಮಧ್ಯಾಹ್ನ ಮೂರೂವರೆಯ ಆಸುಪಾಸಿನಲ್ಲಿ. ಅಜ್ಜಿ, ತಾತ, ಮನೆಗೆಲಸದವರು ಇಲ್ಲದ ಊರಿನಲ್ಲಿ ಇಬ್ಬರೂ ದುಡಿಯುವ ದಂಪತಿಗೆ ಇದೇ ದೊಡ್ಡ ಪ್ರಶ್ನೆ. ಬಹಳಷ್ಟು ಪ್ರಾಥಮಿಕ ಶಾಲೆಗಳ ಆವರಣದಲ್ಲಿ ಶಾಲಾವಧಿಯ ಹೊರಗಿನ ಪಾಲನಾ ಕೇಂದ್ರಗಳಿವೆ. ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ಕೇಂದ್ರ ಸರ್ಕಾರದ ಸಹಾಯಧನ ಸಾಮಾನ್ಯವಾಗಿ ತಾತ್ಕಾಲಿಕ ವೀಸಾದವರಿಗೆ ದೊರೆಯುವುದಿಲ್ಲ. ಅಂಕಪಟ್ಟಿಗಿಂತ ಮೊದಲು ಈ ಕೇಂದ್ರದಲ್ಲಿ ಜಾಗವಿದೆಯೇ ಎಂದು ವಿಚಾರಿಸುವುದು ಲೇಸು.

ಹೊರಡುವ ಮುನ್ನ

* ಸರ್ಕಾರಿ ಶಾಲಾ ಶುಲ್ಕದ ನಿಯಮ ವೀಸಾ ವರ್ಗಕ್ಕೆ ಹಾಗೂ ರಾಜ್ಯಕ್ಕೆ ತಕ್ಕಂತೆ ಬೇರೆಯಾಗುತ್ತದೆ. ತಮ್ಮ ವೀಸಾಕ್ಕೆ ಏನು ಅನ್ವಯಿಸುತ್ತದೆ ಎಂದು ಮೊದಲೇ ತಿಳಿಯಬೇಕು.
* ಲಸಿಕೆ ಪುಸ್ತಕ, ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ. ಇಲ್ಲಿನ ಲಸಿಕೆಗಳನ್ನು ಅಲ್ಲಿನ ವೈದ್ಯರು ರಾಷ್ಟ್ರೀಯ ದಾಖಲೆಗೆ ಸೇರಿಸಬೇಕು. ವಿಕ್ಟೋರಿಯಾದಲ್ಲಿ 2016ರಿಂದ ಶಿಶುವಿಹಾರ ಪ್ರವೇಶಕ್ಕೆ ಈ ದಾಖಲೆ ಅವಶ್ಯ.
* ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳಲಾಗುತ್ತದೆ. ಮುಂಗಡ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು. ಅದು ಮಾಲೀಕರ ಬಳಿ ಉಳಿಯದೆ ಸರ್ಕಾರಿ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ.
* ಮನೆ ನೋಡದೆ ಬೆಂಗಳೂರಿನಿಂದಲೇ ಕರಾರು ಮಾಡಿಕೊಳ್ಳುವುದು ಬೇಡ. ಮೊದಲ ನಾಲ್ಕಾರು ವಾರ ತಾತ್ಕಾಲಿಕ ವಸತಿ ಹಿಡಿದು, ಬೆಳಗಿನ ಎಂಟು ಗಂಟೆಗೆ ರೈಲಿನಲ್ಲಿ ಒಮ್ಮೆ ಓಡಾಡಿ, ಶಾಲೆಗೆ ಭೇಟಿ ನೀಡಿ ಅನಂತರ ನಿರ್ಧರಿಸುವುದು ಒಳಿತು.

ಕನ್ನಡದ ಕಾಳಜಿಯುಳ್ಳವರು ವಾರಾಂತ್ಯದ ಕನ್ನಡ ತರಗತಿಗಳ ಬಗ್ಗೆ ಕನ್ನಡ ಸಂಘದವರನ್ನು ಕೇಳಬಹುದು. ಆದರೆ ಹೊಸ ನೆಲದಲ್ಲಿ ಸಣ್ಣ ಮಗುವಿಗೆ ಮೊದಲ ವರ್ಷ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದ ಶಾಲೆ, ಅದೇ ಬೀದಿಯ ಒಬ್ಬ ಗೆಳೆಯ ಮತ್ತು ಕತ್ತಲಾಗುವ ಮೊದಲು ಮನೆ ಸೇರುವ ತಂದೆತಾಯಿ. ಇವು ಮೂರೂ ಸಿಗುವ ಬಡಾವಣೆ ಯಾವ ಶ್ರೇಯಾಂಕ ಪಟ್ಟಿಯಲ್ಲಿ ಇಲ್ಲದಿದ್ದರೂ ಆ ಕುಟುಂಬಕ್ಕೆ ಅದೇ ಯೋಗ್ಯವಾದದ್ದು.