ಅರ್ಧಾಯುವಿನ ಹುಟ್ಟು

ಒಂದು ಧಾತು ಎಂದಿಗೂ ಮತ್ತೊಂದು ಧಾತುವಾಗದು ಎಂಬುದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರದ ಅಡಿಗಲ್ಲು. ಇದಕ್ಕೆ ವಿರುದ್ಧವಾಗಿ ಮಾತನಾಡಿದವನು ತಾಮ್ರವನ್ನು ಹೊನ್ನಾಗಿಸಹೊರಟ ರಸವಾದಿಗಳ ಸಾಲಿಗೆ ಸೇರಬೇಕಾಗುತ್ತಿತ್ತು. ಆ ಅಡಿಗಲ್ಲು ಅಲುಗಿದ್ದು ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ.

1898ರಲ್ಲಿ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದಾಗ ಅರ್ನೆಸ್ಟ್ ರುದರ್‌ಫರ್ಡ್ ಅವರಿಗೆ ಇಪ್ಪತ್ತೇಳು ವರ್ಷ. ಥೋರಿಯಂ ಸಂಯುಕ್ತಗಳಿಂದ ಅನಿಲದಂಥ ವಿಕಿರಣಪಟು ಪದಾರ್ಥವೊಂದು ಹೊರಬರುವುದನ್ನೂ ಅದರ ಪಟುತ್ವವು ಸುಮಾರು ಒಂದು ನಿಮಿಷದಲ್ಲಿ ಅರ್ಧಕ್ಕಿಳಿಯುವುದನ್ನೂ ಅವರು ಕಂಡುಕೊಂಡು 1900ರಲ್ಲಿ ಪ್ರಕಟಿಸಿದರು. ಅರ್ಧಾಯು ಎಂಬ ಹೆಸರು ಬಂದದ್ದು ಆಮೇಲೆ.

ಮೊದಲ ನಿಮಿಷದಲ್ಲಿ ಅರ್ಧ ಹೋದರೆ ಎರಡನೆಯ ನಿಮಿಷದಲ್ಲಿ ಮಿಕ್ಕ ಅರ್ಧವೂ ಹೋಗಬೇಕಲ್ಲವೇ ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಿದ್ದಿರಿ. ಹೋಗದು. ನೂರು ಐವತ್ತಾಗುತ್ತದೆ, ಐವತ್ತು ಇಪ್ಪತ್ತೈದಾಗುತ್ತದೆ. 'ಆಯು' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆಂದು ನನ್ನ ಅಭಿಪ್ರಾಯ. ಪರಮಾಣುವಿಗೆ ಮುಪ್ಪಿಲ್ಲ. ಎಷ್ಟು ಕಾಲ ಉಳಿದುಬಂದಿದ್ದರೂ ಮುಂದಿನ ಕ್ಷಣದಲ್ಲಿ ಅದು ಒಡೆಯುವ ಸಂಭವ ಅಷ್ಟೇ ಇರುತ್ತದೆ.

ಫ್ರೆಡರಿಕ್ ಸಾಡಿ ಎಂಬ ತರುಣ ರಸಾಯನಶಾಸ್ತ್ರಜ್ಞರು ಜೊತೆಗೂಡಿದ ಮೇಲೆ ಕೆಲಸ ಚುರುಕಾಯಿತು. 1901ರ ಕೊನೆಯಲ್ಲಿ ಅವರಿಬ್ಬರೂ ಅಮೋನಿಯಾ ಬಳಸಿ ಥೋರಿಯಂನಿಂದ ತೀವ್ರ ಪಟುತ್ವವುಳ್ಳ ಅಂಶವೊಂದನ್ನು ಬೇರ್ಪಡಿಸಿ ಅದನ್ನು 'ಥೋರಿಯಂ ಎಕ್ಸ್' ಎಂದು ಕರೆದರು. ಥೋರಿಯಂ ತನ್ನ ಪಟುತ್ವದ ದೊಡ್ಡ ಪಾಲನ್ನು ಕಳೆದುಕೊಂಡಿತು. ಎರಡನ್ನೂ ಹಾಗೆಯೇ ಬಿಟ್ಟು ಕ್ರಿಸ್‌ಮಸ್ ರಜೆಗೆ ಹೋದರು. ಮರಳಿ ಬಂದು ನೋಡಿದರೆ ಥೋರಿಯಂ ಎಕ್ಸ್ ನಿಸ್ತೇಜವಾಗಿತ್ತು, ಥೋರಿಯಂ ಮೊದಲಿನಂತಾಗಿತ್ತು!

ಪ್ರಯೋಗವನ್ನು ಮತ್ತೆ ಮಾಡಿ ದಿನದಿನವೂ ಅಳೆದರು. ಒಂದರ ಪಟುತ್ವ ಸುಮಾರು ನಾಲ್ಕು ದಿನಗಳಲ್ಲಿ ಅರ್ಧಕ್ಕಿಳಿದರೆ, ಮತ್ತೊಂದು ತಾನು ಕಳೆದುಕೊಂಡುದರ ಅರ್ಧವನ್ನು ಅಷ್ಟೇ ದಿನಗಳಲ್ಲಿ ಮರಳಿ ಪಡೆಯುತ್ತಿತ್ತು. ಇಳಿಕೆ ಏರಿಕೆಗಳ ಈ ಹೊಂದಾಣಿಕೆಗೆ ಒಂದೇ ಅರ್ಥ: ಥೋರಿಯಂ ತಾನೇ ಒಡೆಯುತ್ತ ಹೊಸ ವಸ್ತುವನ್ನು ಸತತವಾಗಿ ಹುಟ್ಟಿಸುತ್ತಿದೆ, ಆ ವಸ್ತುವೂ ಕ್ಷಯಿಸುತ್ತಿದೆ. 1902–03ರ ಲೇಖನಗಳಲ್ಲಿ ಅವರು ಇದನ್ನು ಧೈರ್ಯವಾಗಿ ಸಾರಿದರು. ರುದರ್‌ಫರ್ಡ್ ಅವರಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂತು. ಭೌತವಿಜ್ಞಾನಿಯಾದ ಅವರಿಗೆ ಅದು ಬಂದದ್ದು ರಸಾಯನಶಾಸ್ತ್ರದಲ್ಲಿ!

ಆ ಅನಿಲವನ್ನು ಇಂದು ರೇಡಾನ್-220 ಎನ್ನುತ್ತೇವೆ. ಅದರ ಅರ್ಧಾಯು ಸುಮಾರು 56 ಸೆಕೆಂಡು. ಮೂಲವಾದ ಥೋರಿಯಂನದು ಸುಮಾರು 1400 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಲೆಕ್ಕ ಹಾಕಿ ನೋಡಿ: ಭೂಮಿ ಹುಟ್ಟಿದಾಗ ಇದ್ದ ಥೋರಿಯಂನಲ್ಲಿ ಈವರೆಗೆ ಕಳೆದಿರುವುದು ಐದರಲ್ಲಿ ಒಂದು ಪಾಲು. ಉಳಿದುದರಲ್ಲಿ ಒಂದಿಷ್ಟು ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿದೆ.